ಲ್ಯಾಪ್‌ಟಾಪಿನಲ್ಲಿ ಅನ್ಯಗ್ರಹದವರನ್ನು ಹುಡುಕಿದ್ದು: ನನ್ನ ಅನುಭವ

ಬೇರೆ ಲೋಕದವರು ಇದ್ದಿದ್ದರೆ ಇಷ್ಟು ಹೊತ್ತಿಗೆ ಗೊತ್ತಾಗಬೇಕಿತ್ತು ಅಲ್ವಾ? 1950ರಲ್ಲಿ ಭೌತವಿಜ್ಞಾನಿ ಎನ್ರಿಕೊ ಫರ್ಮಿ ಊಟಕ್ಕೆ ಕೂತಾಗ ಕೇಳಿದ ಪ್ರಶ್ನೆ ಇದು. ನನಗೂ ಚಿಕ್ಕಂದಿನಿಂದ ಇದೇ ಹುಚ್ಚು. ಕಳೆದ ವರ್ಷ ಸುಮ್ನೆ ಓದೋದು ಬಿಟ್ಟು ನಾನೇ ಹುಡುಕಿ ನೋಡೋಣ ಅಂತ ಕೂತೆ.

ಇದಕ್ಕೆ ಸ್ವಂತ ಟೆಲಿಸ್ಕೋಪ್ ಬೇಕಾಗಿಲ್ಲ. ಅಮೆರಿಕದ ಗ್ರೀನ್ ಬ್ಯಾಂಕ್‌ನಲ್ಲಿರುವ 100 ಮೀಟರ್ ರೇಡಿಯೋ ಟೆಲಿಸ್ಕೋಪ್ ಡಿಶ್ ಹಿಡಿದ ಡೇಟಾವನ್ನು, ಅನ್ಯಗ್ರಹದವರ ಸಿಗ್ನಲ್ ಹುಡುಕುವ ಬ್ರೇಕ್‌ಥ್ರೂ ಲಿಸನ್ ಯೋಜನೆಯವರು ಎಲ್ಲರಿಗೂ ತೆರೆದಿಟ್ಟಿದ್ದಾರೆ. ಅದನ್ನು ಜಾಲಾಡುವ ಟರ್ಬೋಸೆಟಿ ಅನ್ನೋ ಪೈಥಾನ್ ಪ್ರೋಗ್ರಾಮೂ ಉಚಿತ.

ಶುರು ಮಾಡುವವರು ಮೊದಲು ನಾಸಾದ ಬಾಹ್ಯಾಕಾಶ ನೌಕೆ ವಾಯೇಜರ್-1ರ ಫೈಲ್ ತೆಗೆದು ನೋಡಿ. ಕಡು ನೇರಳೆ ಚಿತ್ರ (ಅಡ್ಡಕ್ಕೆ ಆವರ್ತನ, ಮೇಲೆ-ಕೆಳಗೆ ಸಮಯ), 8,419 ಮೆಗಾಹರ್ಟ್ಜ್ ಹತ್ತಿರ ಒಂದು ಹಳದಿ ಗೆರೆ, ಅದರ ಎರಡೂ ಪಕ್ಕದಲ್ಲಿ ಒಂದೊಂದು ಮಸುಕು ಗೆರೆ. ಮೂರೂ ಸ್ವಲ್ಪ ಓರೆ. ಆ ಓರೆಯಲ್ಲೇ ಎಲ್ಲ ಇರೋದು. ಭೂಮಿ ತಿರುಗುತ್ತಾ ಇರುವುದರಿಂದ ಹೊರಗಿನಿಂದ ಬರುವ ಸಿಗ್ನಲ್‌ನ ಆವರ್ತನ ಸೆಕೆಂಡಿಗೆ ಇಷ್ಟು ಅಂತ ಜರುಗುತ್ತಾ ಹೋಗುತ್ತದೆ. ನೆಟ್ಟಗೆ ನಿಂತ ಗೆರೆ ಅಂದ್ರೆ ಹೆಚ್ಚಾಗಿ ನಮ್ಮದೇ ನೆಲದ ಟ್ರಾನ್ಸ್‌ಮಿಟರ್. ಆ ಫೈಲ್ ಹಿಡಿದಾಗ ಸುಮಾರು 2,000 ಕೋಟಿ ಕಿಲೋಮೀಟರ್ ಆಚೆಯಿಂದ, ಇಪ್ಪತ್ತು ವ್ಯಾಟ್ ಚಿಲ್ಲರೆಯಲ್ಲಿ ಮಾತಾಡುತ್ತಿದ್ದ ಯಂತ್ರದ ಗೆರೆ ನನ್ನ ಮುಂದೆ ಇತ್ತು. ನನಗೆ ಕಣ್ಣು ತುಂಬಿ ಬಂತು.

ಆಮೇಲೆ ನಕ್ಷತ್ರಗಳ ಫೈಲ್‌ಗಳು. ಐದು ನಿಮಿಷ ನಕ್ಷತ್ರದ ಕಡೆ, ಐದು ನಿಮಿಷ ಬೇರೆ ಕಡೆ, ಹೀಗೆ ಮೂರು ಸಲ ಡಿಶ್ ತಿರುಗಿಸಿರುತ್ತಾರೆ. ನಕ್ಷತ್ರದ ಕಡೆ ಮೂರು ಸಲವೂ ಕಾಣಿಸಿ, ಬೇರೆ ಕಡೆ ಒಮ್ಮೆಯೂ ಕಾಣಿಸದ್ದು ಬೇಕು. ಆದರೆ ಸಿಗೋದೆಲ್ಲ ನಮ್ಮದೇ ಗಲಾಟೆ. 1,575 ಮೆಗಾಹರ್ಟ್ಜ್ ಸುತ್ತ ಜಿಪಿಎಸ್, ಮತ್ತೊಂದು ಕಡೆ ವಿಮಾನ, ಇನ್ನೊಂದು ಕಡೆ ಯಾವುದೋ ಉಪಗ್ರಹ.

ಒಂದು ರಾತ್ರಿ ಮೂರಕ್ಕೆ ಮೂರೂ ಸಿಕ್ಕಿತು. ಬೇರೆ ಕಡೆ ಸೊನ್ನೆ. ಕೈ ನಡುಗಿತು, ತಂಗಿಯನ್ನು ಎಬ್ಬಿಸಿದೆ. ಅವಳು ಕಣ್ಣುಜ್ಜುತ್ತಾ, "ಅಕ್ಕಾ, ಬೇರೆ ಕಡೆ ತಿರುಗಿಸಿದಾಗಿನ ಚಿತ್ರ ತೆಗಿ" ಅಂದಳು. ತೆಗೆದೆ. ಅದೇ ಜಾಗದಲ್ಲಿ ಕೂದಲೆಳೆಯಷ್ಟು ಮಸುಕಾಗಿ ಅದೇ ಗೆರೆ. ಗದ್ದಲಕ್ಕಿಂತ ಹತ್ತು ಪಟ್ಟು ಜೋರಿದ್ದರೆ ಮಾತ್ರ ತೋರಿಸು ಅಂತ ಪ್ರೋಗ್ರಾಮಿಗೆ ಹೇಳಿದ್ದೆ, ಅದಕ್ಕಿಂತ ಮೆಲ್ಲಗಿದ್ದದ್ದನ್ನು ಅದು ಬಿಟ್ಟಿತ್ತು. ಅವತ್ತಿನಿಂದ ಚಿತ್ರವನ್ನು ಕಣ್ಣಾರೆ ನೋಡದೆ ನಾನು ಯಾವುದನ್ನೂ ನಂಬಲ್ಲ. ದೊಡ್ಡವರಿಗೂ ಹೀಗಾಗಿದೆ. 2019ರಲ್ಲಿ ಆಸ್ಟ್ರೇಲಿಯಾದ ಪಾರ್ಕ್ಸ್ ಟೆಲಿಸ್ಕೋಪ್ ಪ್ರಾಕ್ಸಿಮಾ ಸೆಂಟಾರಿ ನಕ್ಷತ್ರದ ಕಡೆಯಿಂದ 982 ಮೆಗಾಹರ್ಟ್ಜ್‌ನಲ್ಲಿ ಒಂದು ಸಿಗ್ನಲ್ ಹಿಡಿದಿತ್ತು. ಅದನ್ನೇ ಹೋಲುವ ಗೆರೆಗಳು ಬೇರೆ ಆವರ್ತನಗಳಲ್ಲೂ ಸಿಕ್ಕಿ, ನಮ್ಮದೇ ಉಪಕರಣಗಳ ಸದ್ದು ಅಂತ 2021ರಲ್ಲಿ ತೀರ್ಮಾನವಾಯಿತು.

ಹಾಗಾದ್ರೆ ಯಾರೂ ಇಲ್ವಾ? ಒಂದು ಲೆಕ್ಕ ಹಾಕಿದೆ. ನಮಗೆ ತೀರಾ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ, ಆ ಫೈಲ್‌ನಲ್ಲಿದ್ದ ವಾಯೇಜರ್‌ಗಿಂತ ಸುಮಾರು 2,000 ಪಟ್ಟು ದೂರ. ದೂರದ ವರ್ಗದಷ್ಟು ಸಿಗ್ನಲ್ ಸೊರಗುತ್ತದೆ, ಅಂದ್ರೆ 40 ಲಕ್ಷ ಪಟ್ಟು. ವಾಯೇಜರ್‌ನಂಥದ್ದೇ ಒಂದು ಯಂತ್ರ ಅಲ್ಲಿಂದ ನಮ್ಮ ಕಡೆಗೇ ಮುಖ ಮಾಡಿ ಕೂಗಿದರೂ ನನ್ನ ಫೈಲ್‌ನಲ್ಲಿ ಏನೂ ಕಾಣಲ್ಲ! ನಮ್ಮ ಬಲೆಗೆ ಬೀಳೋದು ಭಾರಿ ಜೋರಾಗಿ ಕೂಗುವವರು ಮಾತ್ರ, ಅದೂ ನಾವು ಕಿವಿಗೊಟ್ಟ ಅದೇ ಐದು ನಿಮಿಷದಲ್ಲಿ ಕೂಗಿದ್ದರೆ. ಅಲ್ಲಿವರೆಗಿನ ರೇಡಿಯೋ ಹುಡುಕಾಟವನ್ನೆಲ್ಲ ಒಟ್ಟು ಸೇರಿಸಿ 2018ರಲ್ಲಿ ಕೆಲವು ವಿಜ್ಞಾನಿಗಳು ಅಂದಾಜು ಮಾಡಿದ್ದರು: ಭೂಮಿಯ ಎಲ್ಲ ಸಮುದ್ರಗಳ ನೀರಿನಲ್ಲಿ ಸುಮಾರು 7,700 ಲೀಟರ್ ಸೋಸಿದ ಹಾಗೆ. ನಮ್ಮ ಬೀದಿಗೆ ಬರುವ ಟ್ಯಾಂಕರ್ ನೀರಿನಷ್ಟು.

ಜೀವವೇ ಅಪರೂಪ ಅನ್ನುವವರಿದ್ದಾರೆ, ಮುಂದುವರಿದವರು ತಮ್ಮನ್ನು ತಾವೇ ನಾಶ ಮಾಡಿಕೊಳ್ಳುತ್ತಾರೆ ಅನ್ನುವವರಿದ್ದಾರೆ. ಇರಬಹುದು. ಆದರೆ ಒಂದು ಟ್ಯಾಂಕರ್ ನೀರು ನೋಡಿ ಸಮುದ್ರದಲ್ಲಿ ಮೀನೇ ಇಲ್ಲ ಅನ್ನೋಕೆ ನನಗಂತೂ ಮನಸ್ಸು ಬರಲ್ಲ.

ಈಗ ಟೌ ಸೆಟಿ ಸರದಿ. 1960ರಲ್ಲಿ ಖಗೋಳವಿಜ್ಞಾನಿ ಫ್ರಾಂಕ್ ಡ್ರೇಕ್ ಇದೇ ಗ್ರೀನ್ ಬ್ಯಾಂಕ್‌ನಲ್ಲಿ ಕೂತು ಮೊಟ್ಟಮೊದಲು ಕಿವಿಗೊಟ್ಟ ಎರಡು ನಕ್ಷತ್ರಗಳಲ್ಲಿ ಅದೂ ಒಂದು. ಪ್ರೋಗ್ರಾಮಿಗೆ ಕೊಟ್ಟ ಮಿತಿಯನ್ನು ಈ ಸಲ ಹತ್ತರಿಂದ ಎಂಟಕ್ಕೆ ಇಳಿಸಿದ್ದೇನೆ.