ಮಾರಿಷಸ್‌ಗೆ ಹೊರಟಿದ್ದೀರಾ? ಮೊದಲು ಗಾಳಿ ಯಾವ ಕಡೆಯಿಂದ ಅಂತ ನೋಡಿ

ಡೊಂಬಿವಲಿಯ ನಮ್ಮ ಬಿಲ್ಡಿಂಗ್‌ನಲ್ಲೇ ಮೂರು ಮನೆಯವರು ಮಾರಿಷಸ್ ನೋಡಿ ಬಂದಿದ್ದಾರೆ. ಅವರಲ್ಲಿ ಎರಡು ಮನೆಯವರು ಮುಖ ಸಪ್ಪೆ ಮಾಡಿಕೊಂಡೇ ವಾಪಸ್ ಬಂದರು. ಒಬ್ಬರು ತಪ್ಪು ತಿಂಗಳಲ್ಲಿ ಹೋದರು. ಇನ್ನೊಬ್ಬರು ಸರಿಯಾದ ತಿಂಗಳಲ್ಲೇ ಹೋಗಿ ತಪ್ಪು ದಡದಲ್ಲಿ ರೂಮು ಹಿಡಿದರು. ಆ ಎರಡನೇ ಮನೆ ನಮ್ಮದೇ, ಇರಲಿ.

ಮೊದಲನೆಯದು ತಿಂಗಳು. ಮುಂಬಯಿ ಭೂಮಧ್ಯರೇಖೆಯಿಂದ ಮೇಲಕ್ಕೆ 19 ಡಿಗ್ರಿ, ಮಾರಿಷಸ್ ಕೆಳಕ್ಕೆ 20 ಡಿಗ್ರಿ. ಹಾಗಾಗಿ ಎಲ್ಲ ಉಲ್ಟಾ. ನಮ್ಮಲ್ಲಿ ಮೇ ತಿಂಗಳಲ್ಲಿ ಕೆಂಪಾಗುವ ಗುಲ್‌ಮೊಹರ್ ಅಲ್ಲಿ ನವೆಂಬರ್-ಡಿಸೆಂಬರ್‌ನಲ್ಲಿ ಹೂ ಬಿಡುತ್ತದೆ. ಕ್ರಿಸ್ಮಸ್ ರಜೆಗೆ ಹೋದರೆ ತಂಪಾಗಿರುತ್ತೆ ಅಂದುಕೊಂಡವರು ನಮ್ಮ ಮೇ ತಿಂಗಳ ಸೆಕೆಗೇ ದುಡ್ಡು ಕೊಟ್ಟು ಹೋದಂತೆ. ಜನವರಿಯಿಂದ ಮಾರ್ಚ್‌ವರೆಗೆ ಸೈಕ್ಲೋನ್ ಭಯ ಜಾಸ್ತಿ. ಆಗ ಅಗ್ಗದ ಪ್ಯಾಕೇಜ್ ಅಂತ ಯಾರಾದರೂ ಫೋನ್ ಮಾಡಿದರೆ, ಯಾಕೆ ಅಗ್ಗ ಅಂತ ಕೇಳಿ. ನನ್ನ ಮಾತು ಕೇಳುವುದಾದರೆ ಅಕ್ಟೋಬರ್. ಮಳೆ ಕಮ್ಮಿ, ಗಾಳಿಯೂ ಇಳಿದಿರುತ್ತದೆ. ಶಾಲೆ ರಜೆಯೇ ಬೇಕು ಅಂದರೆ ಮೇ ತಿಂಗಳೂ ಪರವಾಗಿಲ್ಲ.

ಇನ್ನು ದಡ. ಎಲ್ಲರೂ ಎಡವುವುದು ಇಲ್ಲೇ. ಏಜೆಂಟ್ ಮೊಬೈಲ್‌ನಲ್ಲಿ ನೀಲಿ ನೀರು, ಬಿಳಿ ಮರಳಿನ ಫೋಟೋ ತೋರಿಸುತ್ತಾನೆ, ನಾವು ಹೂಂ ಅಂತೀವಿ. ಆ ದಡ ದ್ವೀಪದ ಯಾವ ದಿಕ್ಕಿಗಿದೆ ಅಂತ ಯಾರೂ ಕೇಳುವುದಿಲ್ಲ. ಅಲ್ಲಿ ವರ್ಷದ ಬಹುಪಾಲು ಗಾಳಿ ಬೀಸುವುದು ಆಗ್ನೇಯದಿಂದ. ಜೂನ್‌ನಿಂದ ಆಗಸ್ಟ್‌ವರೆಗೆ, ಅಂದರೆ ಅಲ್ಲಿನ ಚಳಿಗಾಲದಲ್ಲಿ, ಅದಕ್ಕೆ ಜೋರು ಜಾಸ್ತಿ. ಪೂರ್ವ ದಡಕ್ಕೆ ನೇರವಾಗಿ ಬಡಿಯುತ್ತದೆ. ನಾವು ಆಗಸ್ಟ್‌ನಲ್ಲಿ ಬೆಲ್ ಮಾರ್‌ನಲ್ಲಿ ಉಳಿದಿದ್ದೆವು, ಅದು ಪೂರ್ವದಲ್ಲಿದೆ. ಮೊದಲನೇ ದಿನ ಬೆಳಿಗ್ಗೆ ಸಮುದ್ರದ ಪಕ್ಕ ತಿಂಡಿಗೆ ಕೂತು, ನಮ್ಮಾಕೆ ಊರಿಂದ ತಂದ ಶೇಂಗಾ ಚಟ್ನಿಪುಡಿ ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ಅರ್ಧ ಪುಡಿ ಹಾರಿ ಪಕ್ಕದ ಟೇಬಲ್‌ನ ಅಜ್ಜನ ಬಿಳಿ ಅಂಗಿ ಮೇಲೆ. ಆತ ಪಾಪ ನಕ್ಕ. ಆಮೇಲೆ ನಾಲ್ಕು ದಿನ ನಾವು ತಿಂಡಿ ತಿಂದದ್ದು ಒಳಗೆ, ಗಾಜಿನ ಹಿಂದೆ ಕೂತು.

ಆ ಗಾಳಿ ನಡುವಿನ ಎತ್ತರದ ಜಾಗಕ್ಕೆ ಏರಿ ಅಲ್ಲೇ ಮಳೆ ಸುರಿಸಿಬಿಡುತ್ತದೆ. ಕ್ಯೂರ್‌ಪಿಪ್ ಊರು ಸದಾ ಒದ್ದೆ. ಬೆಟ್ಟ ದಾಟಿ ಪಶ್ಚಿಮಕ್ಕೆ ಇಳಿಯುವ ಹೊತ್ತಿಗೆ ಗಾಳಿಯಲ್ಲಿ ನೀರೂ ಇಲ್ಲ, ಜೋರೂ ಇಲ್ಲ. ಪುಣೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಹಾಬಳೇಶ್ವರದಲ್ಲಿ ತೊಯ್ದು ತೊಪ್ಪೆಯಾಗಿ ಕೆಳಗೆ ವಾಯಿಗೆ ಬಂದರೆ ರಸ್ತೆ ಒಣಗಿರುತ್ತದಲ್ವಾ, ಅದೇ ಲೆಕ್ಕ. ಪಶ್ಚಿಮದ ಟಾಮರಿನ್‌ನಲ್ಲಿ ಉಪ್ಪಿನ ಗದ್ದೆಗಳನ್ನು ಮಾಡಿದ್ದೂ ಆ ಬಿಸಿಲನ್ನು ನಂಬಿಯೇ. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಹೋಗುವುದಾದರೆ ಪಶ್ಚಿಮದಲ್ಲೇ ರೂಮು ಮಾಡಿ, ಫ್ಲಿಕ್ ಆನ್ ಫ್ಲಾಕ್ ಕಡೆ. ಸೆಕೆಯ ತಿಂಗಳಲ್ಲಿ ಪೂರ್ವ ದಡದ ಅದೇ ಗಾಳಿ ಹಿತವಾಗಿರುತ್ತದೆ. ದಕ್ಷಿಣದ ಗ್ರಿ-ಗ್ರಿ ನೋಡಲಿಕ್ಕೆ ಮಾತ್ರ. ದ್ವೀಪದ ಸುತ್ತ ಅಲೆ ತಡೆಯುವ ಹವಳದ ಗೋಡೆ ಅಲ್ಲಿ ಇಲ್ಲ, ನೀರಿಗೆ ಇಳಿಯಬೇಡಿ.

ಎರಡು ಹೋಟೆಲ್, ಮೂರು ಹೋಟೆಲ್ ಅಂತ ಹಂಚಬೇಡಿ. ಇಡೀ ದ್ವೀಪವೇ ಉದ್ದಕ್ಕೆ ಸುಮಾರು 65 ಕಿಲೋಮೀಟರ್. ಸುಮ್ನೆ ಪೆಟ್ಟಿಗೆ ಕಟ್ಟಿ ಬಿಚ್ಚುವುದರಲ್ಲೇ ರಜೆ ಮುಗಿಯುತ್ತದೆ. ವೀಸಾ ಮೊದಲೇ ಮಾಡಿಸುವ ತಲೆನೋವಿಲ್ಲ. ಮುಂಬಯಿಯಿಂದ ನೇರ ವಿಮಾನದಲ್ಲಿ ಆರು ಗಂಟೆ ಆಸುಪಾಸು. ಗಡಿಯಾರ ಒಂದೂವರೆ ಗಂಟೆ ಹಿಂದಕ್ಕೆ ತಿರುಗಿಸಿ.

ಊಟಕ್ಕೆ ಡಬ್ಬಿಗಟ್ಟಲೆ ತೆಪ್ಲಾ ಹೊರುವವರನ್ನು ನೋಡಿದ್ದೇನೆ, ಏನೂ ಬೇಡ. ಬೀದಿಬದಿಯಲ್ಲಿ ದಾಲ್ ಪುರಿ ಸಿಗುತ್ತದೆ. ಹೂರಣಕ್ಕೆ ಬೆಲ್ಲ ಹಾಕಲು ಮರೆತ ಕಡಲೆಬೇಳೆ ಹೋಳಿಗೆ ಅಂದುಕೊಳ್ಳಿ. ಜೋಡಿಯಾಗಿ ಕೊಡುತ್ತಾರೆ, ಒಳಗೆ ಪಲ್ಯ, ಚಟ್ನಿ. ಖಾರ ಕಮ್ಮಿ ಅಂತ ಮೊದಲೇ ಹೇಳಿ.

ಸಾಮಾನಿನಲ್ಲಿ ಎರಡೇ ಮುಖ್ಯ. ನೀರಿಗಿಳಿಯಲು ರಬ್ಬರ್ ಬೂಟು ಬೇಕು, ಹವಳದ ಚೂರು ಕಾಲು ಸೀಳುತ್ತದೆ. ಇನ್ನೊಂದು ತೆಳು ಸ್ವೆಟರ್. ನಡುವಿನ ಎತ್ತರದ ಜಾಗದಲ್ಲಿರುವ ಗಂಗಾ ತಲಾವ್ ಅನ್ನುವ ಕೆರೆಯ ಕಡೆ ಜುಲೈ-ಆಗಸ್ಟ್‌ನಲ್ಲಿ ನಿಜಕ್ಕೂ ಚಳಿ. 33 ಮೀಟರ್ ಎತ್ತರದ ಶಿವನ ಮುಂದೆ ಹಾಫ್ ಪ್ಯಾಂಟಿನಲ್ಲಿ ನಡುಗುತ್ತ ಫೋಟೋ ತೆಗೆಸಿಕೊಂಡವರೆಲ್ಲ ಹೆಚ್ಚಾಗಿ ನಮ್ಮ ಮುಂಬಯಿಯವರೇ.

ಹಾಂ, ಫೋನ್ ಕೊರಳಿಗೆ ನೇತುಹಾಕುವ ಪ್ಲಾಸ್ಟಿಕ್ ಚೀಲ. ಸ್ಟೇಷನ್ ಹೊರಗೆ ನೂರು ರೂಪಾಯಿಗೆ ಸಿಗುವುದನ್ನು ನಂಬಿ ನೀರಿಗೆ ಇಳಿಯಬೇಡಿ. ಮೊದಲು ಮನೆಯಲ್ಲೇ ಒಳಗೆ ಟಿಶ್ಯೂ ಪೇಪರ್ ಇಟ್ಟು ಅರ್ಧ ಗಂಟೆ ಬಕೆಟ್‌ನಲ್ಲಿ ಮುಳುಗಿಸಿ. ನಮ್ಮದು ಹತ್ತು ನಿಮಿಷಕ್ಕೇ ಒದ್ದೆಯಾಯಿತು.