ಕೆಜಿಎಫ್‌ನಲ್ಲಿ 28 ಸೆಕೆಂಡಿನ ಸಿನಿಮಾ

ನಾನು ಕೆಜಿಎಫ್‌ನ ಚಾಂಪಿಯನ್ ರೀಫ್ಸ್ ಕೂಲಿ ಲೈನಿನಲ್ಲಿ, ಅಂದರೆ ಗಣಿ ಕೆಲಸಗಾರರ ಸಾಲುಮನೆಗಳಲ್ಲಿ ಬೆಳೆದವನು. ತಾತ ಗಣಿಗೆ ಇಳಿದವರು, ಅಪ್ಪನೂ ಇಳಿದವರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಊರಿನ ನೂರಾರು ಹುಡುಗರ ಹಾಗೆ ನಾನೂ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋದೆ. ಮದುವೆ ವಿಡಿಯೋ ಎಡಿಟ್ ಮಾಡುವ ಅಂಗಡಿಯಲ್ಲಿ ಕೈ ಪಳಗಿತು. ಸ್ವಂತಕ್ಕೆ ಪ್ರಯೋಗಾತ್ಮಕ ಸಿನಿಮಾ ಮಾಡಲು ಶುರು ಮಾಡಿದ್ದು ಆಮೇಲೆ. 'ಅಂಥ ಸಿನಿಮಾ ಹೇಗೆ ಮಾಡ್ತೀರಿ, ಯಾರು ನೋಡ್ತಾರೆ, ಹೊಟ್ಟೆಪಾಡಿಗೇನು' ಅಂತ ಕಾಲೇಜು ಹುಡುಗರು ಕೇಳುತ್ತಿರುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ, ಅಂಗಡಿ ಬೀದಿಯಲ್ಲಿ ತೆಲುಗು. ಬೆಂಗಳೂರಿಗೆ ಬಂದ ಮೇಲೆ ಬಾಡಿಗೆ ಮನೆ ಕೇಳಲು ಹೋದಾಗಲೆಲ್ಲ 'ನೀವು ಯಾವ ಕಡೆಯವರು?' ಅನ್ನುತ್ತಿದ್ದರು. ಅವರಿಗೆ ಬೇಕಿದ್ದದ್ದು ಊರಿನ ಹೆಸರಲ್ಲ, ಜಾತಿ. ಅದು ನನಗೂ ಗೊತ್ತು, ಅವರಿಗೂ ಗೊತ್ತು. ನಮ್ಮ ಲೈನಿನ ಬಹುತೇಕ ಮನೆಗಳು ತಮಿಳುನಾಡಿನ ಹಳೆಯ ಉತ್ತರ ಆರ್ಕಾಟ್ ಕಡೆಯಿಂದ ಬಂದ ದಲಿತರವು. ಈ ಗುರುತಿನ ಬಗ್ಗೆಯೇ ಸಿನಿಮಾ ಮಾಡಬೇಕು ಅನ್ನೋದು ಮೊದಲೇ ತೀರ್ಮಾನವಾಗಿತ್ತು. ಹೇಗೆ ಅನ್ನೋದು ಮಾತ್ರ ಗೊತ್ತಿರಲಿಲ್ಲ.

ದಾರಿ ತೋರಿಸಿದ್ದು ಒಂದು ಹಳೇ ಮುಷ್ಕರ. 1930ರಲ್ಲಿ ಗಣಿ ಕಂಪನಿಗಳು ಕೂಲಿಗಳ ಬೆರಳಚ್ಚು ತೆಗೆದು ನೋಂದಣಿ ಮಾಡಲು ಹೊರಟವು. ಜನ ಕೆಲಸ ನಿಲ್ಲಿಸಿಬಿಟ್ಟರು. ಕೂಲಿ ಜಾಸ್ತಿ ಮಾಡಿ ಅಂತ ಅಲ್ಲ, 'ನಮ್ಮ ಬೆರಳು ನಿಮ್ಮ ಪುಸ್ತಕದಲ್ಲಿ ಬೇಡ' ಅಂತ. ಇದನ್ನು ಓದಿದ ದಿನ ನನ್ನ ಕ್ಯಾಮೆರಾದ ಬಗ್ಗೆಯೇ ಅನುಮಾನ ಹುಟ್ಟಿತು. ಡಾಕ್ಯುಮೆಂಟರಿಯಲ್ಲಿ ನಾವು ಮಾಡುವುದೇನು? ಒಬ್ಬರನ್ನು ಬೆಳಕಿಗೆ ಎದುರಾಗಿ ಕೂರಿಸುತ್ತೇವೆ. ಹೆಸರು ಹೇಳಿ, ಊರು ಹೇಳಿ, ಕಷ್ಟ ಹೇಳಿ ಅನ್ನುತ್ತೇವೆ. ಅತ್ತರೆ ಹತ್ತಿರ ಹೋಗುತ್ತೇವೆ. ಕಂಪನಿ ಗುಮಾಸ್ತ ಮಾಡಿದ್ದೂ ಇದೇ ಅಲ್ವಾ? ಗುರುತಿನ ಬಗ್ಗೆ ಸಿನಿಮಾ ಮಾಡುವವನು ಇನ್ನೊಬ್ಬ ನೋಂದಣಿ ಗುಮಾಸ್ತ ಆಗಬಾರದು. ನನ್ನ ಎಲ್ಲ ಪ್ರಯೋಗಗಳ ಹಿಂದೆ ಇರುವುದು ಇದೊಂದೇ ಹಟ.

ಕ್ಯಾಮೆರಾ ಹಳೆಯ ಬೋಲೆಕ್ಸ್, 16 ಎಂಎಂ. ಬ್ಯಾಟರಿ ಬೇಡ, ಗಡಿಯಾರದ ಹಾಗೆ ಚಾವಿ ಕೊಡಬೇಕು. ಪೂರ್ತಿ ಚಾವಿ ಕೊಟ್ಟರೆ ಸೆಕೆಂಡಿಗೆ 24 ಫ್ರೇಮಿನಂತೆ ಸುಮಾರು 28 ಸೆಕೆಂಡು ಓಡುತ್ತದೆ, ಆಮೇಲೆ ತಾನಾಗಿ ನಿಲ್ಲುತ್ತದೆ. 100 ಅಡಿಯ ರೋಲು ಎರಡೂಮುಕ್ಕಾಲು ನಿಮಿಷಕ್ಕೆ ಖಾಲಿ. ಈ ಮಿತಿಯನ್ನೇ ನಿಯಮ ಮಾಡಿಕೊಂಡೆ. ಕ್ಯಾಮೆರಾ ಸ್ಟ್ಯಾಂಡಿನ ಮೇಲೆ ಇಟ್ಟು, ಉದ್ದನೆಯ ಕೇಬಲ್ ರಿಲೀಸ್ ಸಿಕ್ಕಿಸಿ, ಗುಂಡಿಯನ್ನು ಎದುರಿಗಿದ್ದವರ ಕೈಗೆ ಕೊಡುತ್ತಿದ್ದೆ. 'ಒಂದು ಚಾವಿಯಷ್ಟು ಹೊತ್ತು ನಿಮ್ಮದು. ಏನು ಬೇಕಾದರೂ ತೋರಿಸಿ, ಬೇಡದಿದ್ದರೆ ತೋರಿಸಬೇಡಿ. ಬೆರಳು ತೆಗೆದರೆ ನಿಲ್ಲುತ್ತದೆ.' ಇಷ್ಟೇ ನನ್ನ ನಿರ್ದೇಶನ.

ಗಣಿಯಿಂದ ನಿವೃತ್ತರಾದ ಒಬ್ಬ ಹಿರಿಯರು 'ತಂಬಿ, ಓಡ್ತಾ ಇದೆಯಾ?' ಅಂತ ಕೇಳಿ, ಬೆನ್ನು ತಿರುಗಿಸಿ ಕೂತು, ಪೂರ್ತಿ ಹೊತ್ತು ಎಲೆ ಅಡಿಕೆ ಹಾಕಿಕೊಂಡರು. ಕಿವಿಯ ಹಿಂದಿನ ನರ ಮಾತ್ರ ಕುಣಿಯುತ್ತದೆ. ಇನ್ನೊಬ್ಬ ಅಮ್ಮ ಟ್ರಂಕ್ ತಂದರು. ಅದರಲ್ಲಿ ಮನೆಯ ಕಾಗದ ಪತ್ರ ಎಲ್ಲ ಇತ್ತು: ರೇಷನ್ ಕಾರ್ಡು, ಜಾತಿ ಸರ್ಟಿಫಿಕೇಟು, ಗಂಡನ ಪಿಎಫ್ ಚೀಟಿಗಳು, ಕ್ವಾರ್ಟರ್ಸಿನ ಪತ್ರ. ಒಂದೊಂದನ್ನೇ ತೆಗೆದು, ಅಕ್ಷರ ಇರುವ ಮಗ್ಗುಲನ್ನು ಕೆಳಗೆ ಮಾಡಿ, ಚಾಪೆಯ ಮೇಲೆ ಬೋರಲು ಹಾಕುತ್ತಾ ಹೋದರು. ಎಡಗೈಯಲ್ಲಿ ಗುಂಡಿ, ಬಲಗೈಯಲ್ಲಿ ಕಾಗದ. ಕಾಗದ ಮುಗಿಯುವ ಮೊದಲೇ ಸ್ಪ್ರಿಂಗು ಮುಗಿಯಿತು. 'ಇನ್ನೂ ಇದೆಯಲ್ಲಪ್ಪಾ' ಅಂದರು. ಮತ್ತೆ ಚಾವಿ ಕೊಡಲೇ ಅಂತ ಕೇಳಿದೆ. 'ಬೇಡ, ಇರೋದು ಜಾಸ್ತಿನೇ ಅಂತ ಗೊತ್ತಾದರೆ ಸಾಕು' ಅಂದರು. ಆ ಶಾಟನ್ನು ಹಾಗೇ ಇಟ್ಟಿದ್ದೇನೆ. ನಾನು ಬರೆದು ಮಾಡಿಸಿದ್ದರೆ ಇಷ್ಟು ಚೆನ್ನಾಗಿ ಬರುತ್ತಿರಲಿಲ್ಲ.

ಎಲ್ಲರಿಗೂ ಹೇಳಿದ್ದೆ: ಯಾವಾಗ ಬೇಕಾದರೂ 'ನನ್ನದು ತೆಗೆದುಬಿಡು' ಅನ್ನಬಹುದು. ಸಿನಿಮಾ ಉತ್ಸವಗಳಿಗೆ ಹೋಗಿಬಂದ ಮೇಲೆ ಒಂದು ಮನೆಯವರು ಹಾಗೆಯೇ ಕೇಳಿದರು. ಮಗಳ ಮದುವೆ ಮಾತುಕತೆ ನಡೆದಿತ್ತು, ಲೈನಿನ ಮನೆ ಕಾಣಿಸುವುದು ಬೇಡವಾಗಿತ್ತು. ಶಾಟು ತೆಗೆದೆ. ಆದರೆ ಆ ಜಾಗ ಮುಚ್ಚಲಿಲ್ಲ, ಅಷ್ಟೇ ಉದ್ದದ ಕಪ್ಪು ಲೀಡರ್, ಅಂದರೆ ಚಿತ್ರವಿಲ್ಲದ ಕಪ್ಪು ಫಿಲ್ಮು ಅಂಟಿಸಿದೆ. ಈಗ ನೋಡುವವರು ಅರ್ಧ ನಿಮಿಷದಷ್ಟು ಹೊತ್ತು ಕತ್ತಲೆಯಲ್ಲಿ ಕೂರುತ್ತಾರೆ. ಪ್ರೊಜೆಕ್ಟರ್ ಕೆಟ್ಟಿತು ಅಂತ ಹಿಂದೆ ತಿರುಗಿ ನೋಡುವವರೂ ಇದ್ದಾರೆ.

ಈಗ ಅಡುಗೆಮನೆ ಕೆಲಸ. ನಮ್ಮ ಕಡೆಯ ದೊಡ್ಡ ಫಿಲ್ಮ್ ಲ್ಯಾಬುಗಳು ಡಿಜಿಟಲ್ ಬಂದ ಮೇಲೆ ಕೆಮಿಕಲ್ ಕೆಲಸ ನಿಲ್ಲಿಸಿದವು. ಊಟಿಯಲ್ಲಿ ಸರ್ಕಾರದ್ದೇ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಇತ್ತು, 'ಇಂದು' ಅಂತ ಬ್ರಾಂಡು. ನಮ್ಮ ಗಣಿಯ ಹಾಗೆ ಅದಕ್ಕೂ ಬೀಗ ಬಿತ್ತು. ಕಪ್ಪು ಬಿಳುಪು ನೆಗೆಟಿವ್ ಹೊರದೇಶದಿಂದ ತರಿಸಬೇಕು. ಯಾರಾದರೂ ಕೈಯಲ್ಲಿ ತರುವುದಾದರೆ ವಿಮಾನ ನಿಲ್ದಾಣದ ಹೊಸ ಸಿಟಿ ಸ್ಕ್ಯಾನರಿಗೆ ಹಾಕಬೇಡಿ, ಕೈಯಲ್ಲೇ ತಪಾಸಣೆ ಮಾಡಿ ಅಂತ ಬೇಡಿಕೊಳ್ಳಲು ಹೇಳಿ. ಇಲ್ಲದಿದ್ದರೆ ಫಿಲ್ಮು ಮಂಜಾಗುತ್ತದೆ.

ಫಿಲ್ಮು ತೊಳೆದು ಚಿತ್ರ ಮೂಡಿಸುವುದು ಕಾಫಿಯಲ್ಲಿ. ತಮಾಷೆಯಲ್ಲ. ಒಂದು ಲೀಟರ್ ನೀರಿಗೆ ವಾಷಿಂಗ್ ಸೋಡಾ 54 ಗ್ರಾಂ, ವಿಟಮಿನ್ ಸಿ ಪುಡಿ 16 ಗ್ರಾಂ, ಇನ್‌ಸ್ಟಂಟ್ ಕಾಫಿ 40 ಗ್ರಾಂ. ಹಾಕುವುದೂ ಇದೇ ಕ್ರಮದಲ್ಲಿ, ಒಂದು ಕರಗಿದ ಮೇಲೆ ಇನ್ನೊಂದು. 20 ಡಿಗ್ರಿಯಲ್ಲಿ 15 ನಿಮಿಷ. ಚಿತ್ರ ಮೂಡಿಸುವುದು ಕೆಫೀನ್ ಅಲ್ಲ, ಕೆಫೀಕ್ ಆಮ್ಲ. ಅದಕ್ಕೇ ಅಗ್ಗದ ರೊಬಸ್ಟಾ ಕಾಫಿಯೇ ವಾಸಿ. ಚಿಕೋರಿ ಬೆರೆತ ಫಿಲ್ಟರ್ ಪುಡಿಯನ್ನು ನಂಬಬೇಡಿ, ಅದು ಕುಡಿಯಲಿಕ್ಕೆ. ಅಡುಗೆ ಸೋಡಾನೂ ನಡೆಯುವುದಿಲ್ಲ. ಅಂಗಡಿಯಲ್ಲಿ ಹರಳಿನ ವಾಷಿಂಗ್ ಸೋಡಾ ಸಿಕ್ಕರೆ ಅದರೊಳಗೆ ನೀರು ಇರುತ್ತದೆ, 54ರ ಬದಲು 145 ಗ್ರಾಂ ಹತ್ತಿರ ಬೇಕು. ಬೇಸಿಗೆಯಲ್ಲಿ ಕೆಜಿಎಫ್ ನೀರು 20 ಡಿಗ್ರಿ ಎಲ್ಲಿ ಇರುತ್ತದೆ? ಟ್ಯಾಂಕನ್ನು ಐಸ್ ಹಾಕಿದ ಬಕೆಟ್ಟಿನಲ್ಲಿ ಇಡಿ. ಕೊನೆಗೆ ಮೂಡಿದ ಚಿತ್ರ ನಿಲ್ಲಿಸುವ ಹೈಪೋ, ಅದು ಮಾಮೂಲಿ. ನಾತ ಭಯಂಕರ, ಮನೆಯವರಿಗೆ ಮೊದಲೇ ಹೇಳಿಬಿಡಿ.

ಒಣಗಿಸುವಾಗ ಸೈನೈಡ್ ದಿಬ್ಬದ ದೂಳು ಫಿಲ್ಮಿಗೆ ಅಂಟುತ್ತದೆ. ಗಣಿಯಿಂದ ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ಗುಡ್ಡಗಳು ಅವು. ಗಾಳಿ ಎದ್ದರೆ ಊರೆಲ್ಲ ಅದೇ. ದೊಡ್ಡ ಸಿನಿಮಾದವರು ಅಲ್ಲಿ ಹಾಡು, ಫೈಟು ತೆಗೆದು ಹೋಗುತ್ತಾರೆ. ನಾನು ದಿಬ್ಬವನ್ನು ಒಂದು ಫ್ರೇಮೂ ತೆಗೆದಿಲ್ಲ. ಪರದೆಯ ತುಂಬ ಓಡಾಡುವ ಬಿಳಿ ಚುಕ್ಕಿ ಇದೆಯಲ್ಲ, ಅದೇ ಸಾಕು. ಒಬ್ಬ ಟೆಕ್ನಿಷಿಯನ್ 'ಡಿಜಿಟಲ್ ಆಗಿ ಕ್ಲೀನ್ ಮಾಡಿಕೊಡ್ಲಾ ಸಾರ್' ಅಂದ. ಬೇಡ ಅಂದೆ.

ಬೋಲೆಕ್ಸ್‌ನಲ್ಲಿ ಧ್ವನಿ ಇಲ್ಲ. ಅದನ್ನು ಬೇರೆ ಹಿಡಿಯಬೇಕು. ಗಣಿಯ ಶಿಫ್ಟಿನ ಸೈರನ್ ನನಗೆ ಬೇಕಿತ್ತು, ಆದರೆ ಅದು ನಿಂತು ವರ್ಷಗಳಾಗಿತ್ತು. ವಯಸ್ಸಾದವರನ್ನು 'ಹೇಗೆ ಕೂಗುತ್ತಿತ್ತು, ಬಾಯಲ್ಲಿ ಕೂಗಿ ತೋರಿಸಿ' ಅಂತ ಕೇಳಿದೆ. ಒಬ್ಬೊಬ್ಬರದು ಒಂದೊಂದು ಥರ. ಗಂಡಸರದು ಗಡುಸು, ಹೆಂಗಸರದು ಉದ್ದ. ಹೆಂಗಸರು ಅದನ್ನು ಕೇಳಿಸಿಕೊಂಡದ್ದು ಮನೆಯಲ್ಲಿ ಒಲೆಯ ಮುಂದೆ ಕಾಯುತ್ತಾ. ಆ ಕೂಗುಗಳನ್ನು ಒಂದರ ಮೇಲೊಂದು ಪೇರಿಸಿದ್ದೇ ಸಿನಿಮಾದ ಸಂಗೀತ.

ರಾಜಕೀಯ ಎಲ್ಲಿದೆ ಅಂತ ಕೇಳುವವರಿಗೆ ಇಷ್ಟು ಹೇಳುತ್ತೇನೆ. ಘೋಷಣೆ ಇರುವ ಸಿನಿಮಾಗಳ ಬಗ್ಗೆ ನನಗೆ ಗೌರವವಿದೆ. 80ರ ದಶಕದ ಆರಂಭದಲ್ಲಿ ಬೆಂಗಳೂರಿನ ಯುಗಾಂತರ್ ಎಂಬ ಸ್ತ್ರೀವಾದಿ ಸಿನಿಮಾ ತಂಡ ನಿಪ್ಪಾಣಿಯ ತಂಬಾಕು ಕೆಲಸದ ಹೆಂಗಸರ ಜೊತೆ ಸೇರಿ ಸಿನಿಮಾ ಮಾಡಿತು. ಹೋರಾಟ ಮಾಡಿದವರೇ ತಮ್ಮ ಹೋರಾಟವನ್ನು ಮತ್ತೆ ನಟಿಸಿ ತೋರಿಸಿದರು. ಅದೂ ನನಗೆ ಪಾಠ. 60ರ ದಶಕದಲ್ಲಿ ಫಿಲ್ಮ್ಸ್ ಡಿವಿಷನ್‌ನಲ್ಲಿ ಪ್ರಮೋದ್ ಪತಿಯವರು ಸರ್ಕಾರದ ದುಡ್ಡಿನಲ್ಲೇ ಹುಚ್ಚುಹುಚ್ಚಾದ ಪ್ರಯೋಗ ಮಾಡಿದರು. ಆದ್ದರಿಂದ 'ಇದೆಲ್ಲ ವಿದೇಶದ ಶೋಕಿ' ಅನ್ನುವವರ ಜೊತೆ ನಾನು ವಾದಕ್ಕೆ ಕೂರುವುದಿಲ್ಲ.

ಬೇಸರ ಇರುವುದು ಬೇರೆ ಕಡೆ. ಹೊರದೇಶದ ಒಂದು ಉತ್ಸವದ ಪುಸ್ತಕದಲ್ಲಿ ಉಳಿದವರ ಸಿನಿಮಾಗಳನ್ನು ಬೆಳಕು, ಲಯ, ಕಾಲ ಅಂತೆಲ್ಲ ವಿವರಿಸಿದ್ದರು. ನನ್ನದರ ಬಗ್ಗೆ ಮೊದಲ ಸಾಲೇ ನನ್ನ ಜಾತಿ. ಜಾತಿ ಮುಚ್ಚಿಡುವವನಲ್ಲ ನಾನು, ಆದರೆ ಅವರ ಕೈಯಲ್ಲೂ ಅದೇ ರಿಜಿಸ್ಟರು ಇತ್ತು. ಆಮೇಲಿಂದ ಪರಿಚಯದ ಸಾಲನ್ನು ನಾನೇ ಬರೆದು ಕಳಿಸುತ್ತೇನೆ, ಒಂದಕ್ಷರ ಬದಲಿಸಬಾರದು ಅಂತ ಷರತ್ತು ಹಾಕುತ್ತೇನೆ.

ತೋರಿಸುವ ವಿಷಯ. 1952ರ ಸಿನಿಮಾಟೋಗ್ರಾಫ್ ಕಾಯ್ದೆ ಪ್ರಕಾರ ಸಾರ್ವಜನಿಕ ಪ್ರದರ್ಶನಕ್ಕೆ ಸರ್ಟಿಫಿಕೇಟ್ ಬೇಕು. 2004ರ ಮುಂಬೈ ಉತ್ಸವಕ್ಕೆ ಭಾರತದ ಡಾಕ್ಯುಮೆಂಟರಿಗಳಿಗೂ ಅದು ಕಡ್ಡಾಯ ಅಂದಾಗ ನಿರ್ದೇಶಕರೆಲ್ಲ ಸೇರಿ ವಿಕಲ್ಪ್ ಅಂತ ಎದುರು ಪ್ರದರ್ಶನ ಮಾಡಿದ್ದರು. ಸರ್ಟಿಫಿಕೇಟಿನ ತಕರಾರಿಗೆ ಮೇಲ್ಮನವಿ ಕೇಳುತ್ತಿದ್ದ ಟ್ರಿಬ್ಯುನಲ್ 2021ರಲ್ಲಿ ರದ್ದಾಯಿತು, ಈಗ ಹೈಕೋರ್ಟಿಗೇ ಹೋಗಬೇಕು. ನನ್ನಂಥವರಿಗೆ ಅಷ್ಟು ದುಡ್ಡೂ ಇಲ್ಲ, ಪುರುಸೊತ್ತೂ ಇಲ್ಲ. ಮೊದಲ ಪ್ರದರ್ಶನ ಯಾವಾಗಲೂ ಲೈನಿನಲ್ಲೇ. ಮನೆಯ ಹಿಂದಿನ ಗೋಡೆ, ಬಿಳಿ ಪಂಚೆ, ಸಿನಿಮಾದಲ್ಲಿ ಇರುವವರು, ಅವರ ಮನೆಯವರು. ಅವರು ಒಪ್ಪಿದ ಮೇಲೇ ಊರಾಚೆ.

ದುಡ್ಡಿನ ಮಾತು ಬೇಗ ಮುಗಿಸುತ್ತೇನೆ. ಸಿನಿಮಾದಿಂದ ಸಂಸಾರ ನಡೆಯುವುದಿಲ್ಲ. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್‌ನಂಥ ಕಡೆ ಅನುದಾನಕ್ಕೆ ಅರ್ಜಿ ಹಾಕಬಹುದು, ಹಾಕಿ. ಕನ್ನಡದಲ್ಲೇ ಯೋಚಿಸಿ ಬರೆದರೆ ಅರ್ಜಿ ಚೆನ್ನಾಗಿ ಬರುತ್ತದೆ. ಉಳಿದ ದಿನ ನಾನು ಸಬ್‌ಟೈಟಲ್ ಮಾಡುತ್ತೇನೆ, ಎಡಿಟಿಂಗ್ ಕಲಿಸುತ್ತೇನೆ, ಮದುವೆ ಸೀಸನ್ನಿನಲ್ಲಿ ಹಳೇ ಅಂಗಡಿಗೂ ಹೋಗುತ್ತೇನೆ.

ಈಗ ಕೈಯಲ್ಲಿರುವುದು ಮಾರಿಕುಪ್ಪಂ ರೈಲಿನ ಸಿನಿಮಾ. ಬೆಳಗಿನ ಜಾವ ಡಬ್ಬಿ ಕಟ್ಟಿಕೊಂಡು ಹೊರಡುವವರದು. ಸೀಸನ್ ಪಾಸ್ ಇದೆ, ಧ್ವನಿ ಹಿಡಿಯುವುದು ನಡೆದಿದೆ. ಬೋಗಿಯಲ್ಲಿ ಕ್ಯಾಮೆರಾ ಇಡಲು ರೈಲ್ವೆ ಅನುಮತಿ ಬೇಕು, ಅರ್ಜಿಯ ಜೊತೆ ಕಥೆಯ ಸಾರಾಂಶ ಕೊಡಬೇಕು. ಒಂದೊಂದು ಸೀಟಿನವರು ಒಂದೊಂದು ಹೇಳುತ್ತಿದ್ದಾರೆ, ಇನ್ನೂ ಬರೆದಿಲ್ಲ.