ಮೊದಲ ವರ್ಷದ ಆನರ್ಸ್ ಸೆಮಿನಾರ್: ಓದುವುದು, ಮಾತಾಡುವುದು, ಬರೆಯುವುದು ಹೇಗೆ?

ಅಮೆರಿಕದ ಯೂನಿವರ್ಸಿಟಿಯಲ್ಲಿ ಸೀಟು ಸಿಕ್ಕಿದೆ. ಚೆನ್ನಾಗಿ ಓದುವವರಿಗೆಂದೇ ಇರುವ ಆನರ್ಸ್ ಪ್ರೋಗ್ರಾಂಗೂ ಆಯ್ಕೆಯಾಗಿದ್ದೀರಿ. ಮೊದಲ ಸೆಮಿಸ್ಟರ್‌ನ ಟೈಮ್‌ಟೇಬಲ್ ತೆಗೆದು ನೋಡಿದರೆ ಅದರಲ್ಲೊಂದು ಹ್ಯುಮಾನಿಟೀಸ್ ಸೆಮಿನಾರ್. ಸಾಹಿತ್ಯ, ತತ್ವಶಾಸ್ತ್ರ, ಇತಿಹಾಸ ಎಲ್ಲ ಬೆರೆತ ಕ್ಲಾಸ್ ಇದು. ಎಷ್ಟೋ ಕಡೆ ಎಂಜಿನಿಯರಿಂಗ್ ಓದಲು ಬಂದವರೂ ಇದನ್ನು ಮಾಡಲೇಬೇಕು. ಭಯ ಬೇಡ. ಆದರೆ ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂತು ನೋಟ್ಸ್ ಬರೆದುಕೊಂಡು ಬರುವ ಕ್ಲಾಸ್ ಇದಲ್ಲ. ಇಲ್ಲಿ ಹಿಂದಿನ ಬೆಂಚೇ ಇರುವುದಿಲ್ಲ.

ಸಾಮಾನ್ಯವಾಗಿ ಹದಿನೈದು, ಇಪ್ಪತ್ತು ವಿದ್ಯಾರ್ಥಿಗಳು ಒಂದು ದೊಡ್ಡ ಮೇಜಿನ ಸುತ್ತ ಕೂರುತ್ತಾರೆ. ಪ್ರೊಫೆಸರ್ ಕೂಡ ಅಲ್ಲೇ ಒಂದು ಕುರ್ಚಿ ಎಳೆದುಕೊಳ್ಳುತ್ತಾರೆ. ಪಾಠ ಹೇಳುವುದು ಕಡಿಮೆ, ಪ್ರಶ್ನೆ ಕೇಳುವುದು ಜಾಸ್ತಿ. ಈ ಪದ್ಧತಿ ಬೆಳೆದದ್ದು ಜರ್ಮನಿಯ ವಿಶ್ವವಿದ್ಯಾಲಯಗಳಲ್ಲಿ. ಹತ್ತೊಂಬತ್ತನೇ ಶತಮಾನದಲ್ಲಿ ಇತಿಹಾಸಕಾರ ರಾಂಕೆ ಬರ್ಲಿನ್‌ನಲ್ಲಿ ವಿದ್ಯಾರ್ಥಿಗಳ ಚಿಕ್ಕ ಗುಂಪು ಕಟ್ಟಿಕೊಂಡು ಮೂಲ ದಾಖಲೆಗಳನ್ನೇ ಓದಿಸುತ್ತಿದ್ದರು. ಅಮೆರಿಕದಲ್ಲಿ ಅದಕ್ಕೆ ಗಟ್ಟಿ ನೆಲೆ ಕೊಟ್ಟದ್ದು 1876ರಲ್ಲಿ ಶುರುವಾದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ. 1922ರಲ್ಲಿ ಫ್ರಾಂಕ್ ಎಯ್ಡೆಲಾಟ್ ಅವರು ಸ್ವಾರ್ಥ್‌ಮೋರ್ ಕಾಲೇಜಿನಲ್ಲಿ ಆನರ್ಸ್ ಪ್ರೋಗ್ರಾಂ ಆರಂಭಿಸಿದಾಗ ಅದರ ಜೀವಾಳವೂ ಸೆಮಿನಾರೇ ಆಗಿತ್ತು. ಮೂಲ ಕೃತಿಯನ್ನು ನೀವೇ ಓದಬೇಕು, ಅದರ ಬಗ್ಗೆ ನೀವೇ ಯೋಚಿಸಬೇಕು ಎಂಬ ನಿಯಮ ಇಂದಿಗೂ ಬದಲಾಗಿಲ್ಲ.

ಮೊದಲು ಸಿಲಬಸ್

ಮೊದಲ ದಿನವೇ ಸಿಲಬಸ್ ಕೈಗೆ ಬರುತ್ತದೆ. ಯಾವ ದಿನಕ್ಕೆ ಎಷ್ಟು ಓದಿರಬೇಕು, ಪೇಪರ್ (ಅಂದರೆ ಪರೀಕ್ಷೆಯಲ್ಲ, ನೀವು ಬರೆದು ಕೊಡುವ ಪ್ರಬಂಧ) ಯಾವಾಗ ಕೊಡಬೇಕು, ತಡವಾದರೆ ಎಷ್ಟು ಅಂಕ ಹೋಗುತ್ತದೆ, ಎಐ ಬಳಸಬಹುದೇ ಇಲ್ಲವೇ, ಎಲ್ಲವೂ ಅದರಲ್ಲಿರುತ್ತದೆ. ನಿಯಮಗಳು ಒಬ್ಬ ಪ್ರೊಫೆಸರಿಂದ ಇನ್ನೊಬ್ಬರಿಗೆ ಬೇರೆ. ಪಕ್ಕದ ಕ್ಲಾಸಿನ ಗೆಳೆಯರ ಮಾತು ನಂಬಿಕೊಂಡು ಕೂರಬೇಡಿ. ತಾರೀಖುಗಳನ್ನು ಅವತ್ತೇ ಕ್ಯಾಲೆಂಡರ್‌ಗೆ ಹಾಕಿ. ಕ್ಲಾಸಿನಲ್ಲಿ ಮಾತಾಡುವುದಕ್ಕೂ ಸಾಮಾನ್ಯವಾಗಿ ಅಂಕ ಇರುತ್ತದೆ. ಆ ಸಾಲನ್ನು ಹುಡುಕಿ ಓದಿಕೊಳ್ಳಿ.

ಓದುವುದು

ಹೊಸಬರಿಗೆ ಏಟು ಬೀಳುವುದು ಇಲ್ಲೇ. ವಾರಕ್ಕೆ ನೂರು, ಇನ್ನೂರು ಪುಟ ಓದಲು ಕೊಡುವುದು ದೊಡ್ಡ ಸಂಗತಿಯೇ ಅಲ್ಲ. ಕ್ಲಾಸಿನಲ್ಲಿ ಕಳೆಯುವ ಪ್ರತಿ ಗಂಟೆಗೆ ಹೊರಗೆ ಕನಿಷ್ಠ ಎರಡು ಗಂಟೆಯ ಕೆಲಸ ಎಂಬುದು ಅಮೆರಿಕದ ಕ್ರೆಡಿಟ್ ಲೆಕ್ಕ. ಹ್ಯುಮಾನಿಟೀಸ್‌ನಲ್ಲಿ ಅದಕ್ಕಿಂತ ಜಾಸ್ತಿಯೇ ಹಿಡಿಯುತ್ತದೆ.

ಎಲ್ಲ ಪುಟಗಳನ್ನೂ ಒಂದೇ ಗಮನದಿಂದ ಓದಲು ಆಗುವುದಿಲ್ಲ. ಓದಬೇಕಾಗಿಯೂ ಇಲ್ಲ. ಮೊದಲು ಒಂದೇ ಓಟದಲ್ಲಿ ಓದಿ ಮುಗಿಸಿ. ಎಲ್ಲಿ ಗೊಂದಲವಾಯಿತೋ, ಎಲ್ಲಿ ಸಿಟ್ಟು ಬಂತೋ, ಎಲ್ಲಿ ಆಶ್ಚರ್ಯವಾಯಿತೋ ಅಲ್ಲೊಂದು ಪೆನ್ಸಿಲ್ ಗುರುತು ಹಾಕಿ. ಆಮೇಲೆ ಅಂಥ ಎರಡು ಮೂರು ಜಾಗಗಳನ್ನು ಮಾತ್ರ ನಿಧಾನವಾಗಿ, ಸಾಧ್ಯವಾದರೆ ಗಟ್ಟಿಯಾಗಿ, ಮತ್ತೆ ಓದಿ. ಸಾರಾಂಶ ಓದಿಕೊಂಡು ಹೋಗುವ ಆಸೆ ಎಲ್ಲರಿಗೂ ಬರುತ್ತದೆ. ಆದರೆ ಸಾರಾಂಶದಲ್ಲಿ ಕಥೆ ಇರುತ್ತದೆ, ವಾಕ್ಯಗಳು ಇರುವುದಿಲ್ಲ. ಸೆಮಿನಾರ್ ನಡೆಯುವುದು ವಾಕ್ಯಗಳ ಮೇಲೆ.

ಇನ್ನೊಂದು ಸಣ್ಣ ವಿಷಯ, ಯಾರೂ ಹೇಳಿಕೊಡುವುದಿಲ್ಲ. ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಮುದ್ರಣ ಇದ್ದರೆ ಪುಟಸಂಖ್ಯೆ ಹೊಂದುವುದಿಲ್ಲ. ಪ್ರಾಚೀನ ಗ್ರೀಕ್ ಕವಿ ಹೋಮರ್‌ನ ಕಾವ್ಯಕ್ಕೆ ಸರ್ಗ ಮತ್ತು ಸಾಲಿನ ಸಂಖ್ಯೆ ಹೇಳುತ್ತಾರೆ. ಪ್ಲೇಟೋವಿನ ಪುಸ್ತಕದ ಅಂಚಿನಲ್ಲಿ 327ಎ ಎಂಬಂಥ ಗುರುತುಗಳು ಕಾಣುತ್ತವೆ. 1578ರಲ್ಲಿ ಹೆನ್ರಿ ಎಸ್ತಿಯೆನ್ ಮುದ್ರಿಸಿದ ಆವೃತ್ತಿಯ ಪುಟಸಂಖ್ಯೆಗಳು ಅವು. ಯಾವ ಅನುವಾದ ಹಿಡಿದರೂ ಅವೇ ಇರುತ್ತವೆ. ಹಾಗೆಂದು ಯಾವ ಅನುವಾದವಾದರೂ ಆದೀತು ಅಂದುಕೊಳ್ಳಬೇಡಿ. ಸಿಲಬಸ್ ಹೇಳಿದ ಅನುವಾದವನ್ನೇ ಕೊಳ್ಳಿ, ಇಲ್ಲವೇ ಲೈಬ್ರರಿಯಿಂದ ತನ್ನಿ.

ಮಾತಾಡುವುದು

ಒಂದು ಉದಾಹರಣೆ ನೋಡೋಣ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ 1937ರಿಂದ ನಡೆದುಬಂದಿರುವ ಮೊದಲ ವರ್ಷದ ಸಾಹಿತ್ಯದ ಕೋರ್ಸ್ ಹೋಮರ್‌ನ ಇಲಿಯಡ್ ಕಾವ್ಯದಿಂದ ಶುರುವಾಗುವುದು ರೂಢಿ. ಅದರ ಒಂಬತ್ತನೇ ಸರ್ಗದಲ್ಲಿ ಗ್ರೀಕ್ ವೀರ ಅಕಿಲೀಸ್ ಮುನಿಸಿಕೊಂಡು ಯುದ್ಧ ಬಿಟ್ಟು ಕೂತಿದ್ದಾನೆ. ರಾಜ ಅಗಮೆಮ್ನಾನ್ ರಾಶಿ ಉಡುಗೊರೆ ಕೊಡುತ್ತೇನೆಂದು ದೂತರನ್ನು ಕಳಿಸುತ್ತಾನೆ. ಅಕಿಲೀಸ್ ಒಪ್ಪುವುದಿಲ್ಲ. ಯಾಕೆ?

‘ಅವನಿಗೆ ಅಹಂಕಾರ’ ಎಂದು ಒಬ್ಬರು ಹೇಳಬಹುದು. ತಪ್ಪೇನಲ್ಲ, ಆದರೆ ಮಾತು ಅಲ್ಲಿಗೇ ನಿಂತುಬಿಡುತ್ತದೆ. ಇನ್ನೊಬ್ಬರು ಪುಸ್ತಕ ತೆರೆದು ಎರಡು ಜಾಗಗಳನ್ನು ಅಕ್ಕಪಕ್ಕ ಇಡುತ್ತಾರೆ. ಅಗಮೆಮ್ನಾನ್ ಉಡುಗೊರೆಗಳ ಪಟ್ಟಿ ಮುಗಿಸಿ, ಕೊನೆಗೆ ‘ಅವನು ನನಗೆ ತಲೆಬಾಗಲಿ, ನಾನು ಅವನಿಗಿಂತ ದೊಡ್ಡ ರಾಜ’ ಎಂಬರ್ಥದ ಮಾತು ಸೇರಿಸಿದ್ದಾನೆ. ದೂತರಲ್ಲಿ ಒಬ್ಬನಾದ ಒಡಿಸ್ಸಿಯಸ್ ಆ ಪಟ್ಟಿಯನ್ನೆಲ್ಲ ಚಾಚೂ ತಪ್ಪದೆ ಒಪ್ಪಿಸುತ್ತಾನೆ, ಆ ಕೊನೆಯ ಮಾತನ್ನು ಮಾತ್ರ ನುಂಗಿಬಿಡುತ್ತಾನೆ. ಅದಕ್ಕೆ ಅಕಿಲೀಸ್ ಕೊಡುವ ಉತ್ತರದ ಶುರುವಿನಲ್ಲೇ, ಮನಸ್ಸಿನಲ್ಲಿ ಒಂದಿಟ್ಟು ಬಾಯಲ್ಲಿ ಇನ್ನೊಂದು ಆಡುವವನನ್ನು ಕಂಡರೆ ತನಗಾಗದು ಎಂಬ ಮಾತಿದೆ. ಹಾಗಾದರೆ ಒಡಿಸ್ಸಿಯಸ್ ಏನೋ ನುಂಗಿದ ಎಂದು ಅಕಿಲೀಸ್‌ಗೆ ಗೊತ್ತಾಯಿತೇ? ಈ ಪ್ರಶ್ನೆ ಬಿದ್ದ ಕೂಡಲೇ ಇಡೀ ಮೇಜು ಎಚ್ಚರವಾಗುತ್ತದೆ. ಹೀಗೆ ಒಂದು ಪ್ರಶ್ನೆ ತೆರೆದುಕೊಳ್ಳುವುದನ್ನು ನೋಡುವ ಸುಖಕ್ಕಾಗಿಯೇ ಈ ಕ್ಲಾಸಿಗೆ ಹೋಗಬೇಕು ಎಂದು ನನಗನಿಸುತ್ತದೆ.

ಗಮನಿಸಿದಿರಾ? ಆ ಎರಡನೆಯವರಿಗೆ ಗ್ರೀಕ್ ಬರಬೇಕಿರಲಿಲ್ಲ, ಪಂಡಿತರ ಅಭಿಪ್ರಾಯ ಗೊತ್ತಿರಬೇಕಿರಲಿಲ್ಲ. ಗಮನವಿಟ್ಟು ಓದಿದ್ದರು, ಅಷ್ಟೇ.

ಇಂಗ್ಲಿಷ್ ಸಲೀಸಲ್ಲ, ನಾಲ್ಕು ಜನರ ಮುಂದೆ ಬಾಯಿ ಬರುವುದಿಲ್ಲ ಎನ್ನುವವರು ಮೂರು ಕೆಲಸ ಮಾಡಬಹುದು. ಮನೆಯಲ್ಲೇ ಒಂದು ಪ್ರಶ್ನೆ, ಅದಕ್ಕೆ ಸಂಬಂಧಿಸಿದ ಸಾಲಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಕ್ಲಾಸ್ ಶುರುವಾದ ಮೊದಲ ಹತ್ತು ನಿಮಿಷದಲ್ಲೇ ಅದನ್ನು ಕೇಳಿಬಿಡಿ, ತಡ ಮಾಡಿದಷ್ಟೂ ಅಳುಕು ಹೆಚ್ಚುತ್ತದೆ. ಏನೂ ತೋಚದಿದ್ದರೆ ‘ಈ ಸಾಲು ನನಗೆ ಅರ್ಥವಾಗಲಿಲ್ಲ’ ಎಂದು ಗಟ್ಟಿಯಾಗಿ ಓದಿ ಹೇಳಿ. ಅದೂ ಚರ್ಚೆಗೆ ನಿಮ್ಮ ಪಾಲೇ. ಚೆನ್ನಾಗಿ ಮಾತಾಡುವವರು ಒಂದು ಕೆಲಸ ಮಾಡಿ: ಎರಡು ಸಲ ಮಾತಾಡಿದ ಮೇಲೆ ಬಾಯಿ ತೆರೆಯದ ಒಬ್ಬರಿಗೆ ಜಾಗ ಬಿಡಿ.

ಪೇಪರ್ ಬರೆಯುವುದು

ಸೆಮಿಸ್ಟರ್‌ಗೆ ಮೂರೋ ನಾಲ್ಕೋ ಪೇಪರ್ ಇರಬಹುದು, ಒಂದೊಂದು ಐದಾರು ಪುಟ. ಕಥೆ ಮತ್ತೆ ಹೇಳುವುದು ಪೇಪರ್ ಅಲ್ಲ. ಹೊಗಳುವುದೂ ಅಲ್ಲ. ಯಾರಾದರೂ ‘ಇಲ್ಲ, ನಾನು ಒಪ್ಪುವುದಿಲ್ಲ’ ಎನ್ನಬಹುದಾದ ಒಂದು ವಾದ ಬೇಕು. ‘ಅಕಿಲೀಸ್ ಕೋಪಿಷ್ಠ’ ಎಂಬುದಕ್ಕೆ ಯಾರೂ ಎದುರಾಡುವುದಿಲ್ಲ, ಹಾಗಾಗಿ ಅದು ವಾದವಲ್ಲ. ‘ಉಡುಗೊರೆ ಸಾಲದು ಎಂದಲ್ಲ, ಅದರ ಹಿಂದಿನ ಷರತ್ತು ಹೊಳೆದದ್ದರಿಂದಲೇ ಅಕಿಲೀಸ್ ಒಲ್ಲೆ ಎಂದ’ ಎಂಬುದು ವಾದ. ಅದನ್ನು ಸಾಲುಗಳ ಆಧಾರದಿಂದ ತೋರಿಸಬೇಕು. ನಿಮ್ಮ ವಾದಕ್ಕೆ ಒಗ್ಗದ ಸಾಲು ಸಿಕ್ಕರೆ ಮುಚ್ಚಿಡಬೇಡಿ, ಅದನ್ನೇ ಎದುರಿಸಿ. ಒಳ್ಳೆಯ ಪೇಪರ್ ಬಿಗಿಯಾಗುವುದು ಅಲ್ಲೇ.

ಬೇರೆಯವರ ವಿಚಾರ ಬಳಸಿದರೆ ಹೆಸರು ಹೇಳಿ. ಮಾತು ಬದಲಿಸಿ ಬರೆದರೂ ಹೇಳಲೇಬೇಕು. ಕೃತಿಚೌರ್ಯವನ್ನು ಯೂನಿವರ್ಸಿಟಿಗಳು ಶಿಸ್ತಿನ ಪ್ರಕರಣವಾಗಿ ನೋಡುತ್ತವೆ.

ಡ್ರಾಫ್ಟ್ ಎರಡು ಮೂರು ದಿನ ಮೊದಲೇ ಮುಗಿಸಿದರೆ ಬರವಣಿಗೆಗೆ ನೆರವಾಗಲೆಂದೇ ಇರುವ ಕ್ಯಾಂಪಸ್ಸಿನ ರೈಟಿಂಗ್ ಸೆಂಟರ್‌ಗೆ ತೋರಿಸಬಹುದು. ಪ್ರೊಫೆಸರ್ ಬಳಿಯೂ ಹೋಗಿ. ಆಫೀಸ್ ಅವರ್ಸ್ ಇರುವುದು ದಡ್ಡರಿಗೆ ಎಂದುಕೊಂಡು ಹೋಗದವರು ಬಹಳ ಮಂದಿ. ಅದು ನಿಮಗಾಗಿಯೇ ಎತ್ತಿಟ್ಟ ಸಮಯ. ‘ಪೇಪರ್ ಹೇಗಿದೆ?’ ಎಂದು ಕೇಳಬೇಡಿ, ಅದಕ್ಕೆ ‘ಪರವಾಗಿಲ್ಲ’ ಎಂಬ ಉತ್ತರವಷ್ಟೇ ಬರುತ್ತದೆ. ‘ಎರಡನೇ ಪುಟದ ಈ ಪ್ಯಾರಾ ನನ್ನ ವಾದವನ್ನು ನಿಜಕ್ಕೂ ತೋರಿಸುತ್ತಿದೆಯಾ?’ ಎಂದು ಕೇಳಿ.

ಮೊದಲ ಪೇಪರ್‌ಗೆ ‘ಬಿ’ ಗ್ರೇಡ್ ಬಂದರೆ ಎದೆಗುಂದಬೇಡಿ. ಶಾಲೆಯಲ್ಲಿ ಸದಾ ಮೊದಲಿಗರಾಗಿದ್ದವರೇ ಈ ಕ್ಲಾಸಿನಲ್ಲಿ ತುಂಬಿರುತ್ತಾರೆ, ಬಹಳ ಜನರಿಗೆ ಹೀಗೇ ಆಗುತ್ತದೆ. ಅಂಚಿನಲ್ಲಿ ಬರೆದ ಟಿಪ್ಪಣಿಗಳನ್ನು ಒಂದು ದಿನ ಬಿಟ್ಟು ಓದಿ. ತಿದ್ದಿ ಮತ್ತೆ ಕೊಡಲು ಅವಕಾಶವಿದೆಯೇ ಎಂದು ಸಿಲಬಸ್‌ನಲ್ಲಿ ನೋಡಿ. ಇದ್ದರೆ ಕಾಮಾ ಸರಿ ಮಾಡುವುದರಲ್ಲಿ ಸಮಯ ಕಳೆಯದೆ, ವಾದದ ವಾಕ್ಯವನ್ನೇ ಹೊಸದಾಗಿ ಬರೆಯುವುದರಿಂದ ಶುರು ಮಾಡಿ.